ಜೇಬಿನ ಚಿಲ್ಲರೆಯಲ್ಲಿ ಟಂಕಸಾಲೆಯ ತಪ್ಪುಗಳು

ಚಿಲ್ಲರೆ ಎಂಬ ಮಾತಿಗೆ ನಮ್ಮ ಭಾಷೆಯಲ್ಲಿ ಮರ್ಯಾದೆ ಕಡಮೆ. ಹಗುರ ನಡತೆಯವನನ್ನು ಚಿಲ್ಲರೆ ಮನುಷ್ಯನೆನ್ನುತ್ತೇವೆ. ಹೇಳಿಕೊಳ್ಳಲು ತಕ್ಕುದಲ್ಲದ ಕೆಲಸವನ್ನು ಚಿಲ್ಲರೆ ಕೆಲಸವೆನ್ನುತ್ತೇವೆ. ನೋಟಾದರೆ ಎರಡು ಸಲ ಬೆಳಕಿಗೆ ಹಿಡಿದು ನೋಡುವ ನಾವು, ಅಂಗಡಿಯವನು ಕೊಟ್ಟ ನಾಣ್ಯಗಳನ್ನು ಮುಖವನ್ನೂ ನೋಡದೆ ಜೇಬಿಗೆ ಸುರಿದುಕೊಳ್ಳುತ್ತೇವೆ. ಈ ಹೊತ್ತು ನಾನು ನಿಮ್ಮಲ್ಲಿ ಬೇಡುವುದಿಷ್ಟೆ: ಆ ಚಿಲ್ಲರೆಯನ್ನು ಒಮ್ಮೆ ಮೇಜಿನ ಮೇಲೆ ಹರಡಿ, ದೀಪವನ್ನು ಹತ್ತಿರಕ್ಕೆ ಎಳೆದುಕೊಂಡು, ಒಂದೊಂದನ್ನಾಗಿ ತಿರುವಿ ನೋಡಿರಿ. ಸರ್ಕಾರದ ಯಂತ್ರವೂ ಒಂದೊಂದು ಕ್ಷಣ ತೂಕಡಿಸುವುದುಂಟು. ಹಾಗೆ ತೂಕಡಿಸಿದಾಗ ಹುಟ್ಟಿದ ನಾಣ್ಯ ಎಂದೋ ಒಂದು ದಿನ ನಿಮ್ಮ ಕೈಗೂ ಬಂದೀತು.

ಕನ್ನಡ ಪಂಡಿತನಿಗೆ ನಾಣ್ಯದ ಗೊಡವೆ ಏಕೆ ಎಂದು ನೀವು ಕೇಳಬಹುದು. ಕಾರಣವೊಂದುಂಟು, ಅದು ನಾನು ಹೆಮ್ಮೆಯಿಂದ ಹೇಳುವ ಕಾರಣವಲ್ಲ.

ನಾನು ಮುಳಬಾಗಿಲಿನ ಕಡೆ ಪ್ರೌಢಶಾಲೆಯೊಂದರಲ್ಲಿ ಪಾಠ ಹೇಳುವವನು. 2017ರ ಸುಮಾರಿನ ಮಾತು. ಹತ್ತು ರೂಪಾಯಿಯ ನಾಣ್ಯವೆಂದರೆ ಸಂತೆಯವರು, ಹೋಟಲಿನವರು, ಬಸ್ಸಿನವರು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ ಕಾಲವದು. ಹಿಮ್ಮೈಯಲ್ಲಿ ಹತ್ತು ಗೆರೆಗಳಿದ್ದರೆ ನಿಜ, ಹದಿನೈದು ಗೆರೆಗಳಿದ್ದರೆ ಖೋಟಾ ಎಂದು ಯಾರೋ ಎಬ್ಬಿಸಿದ ಗಾಳಿಮಾತು ಊರೂರು ಸುತ್ತುತ್ತಿತ್ತು. ಆಗ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಶಾರದಾ ಪೂಜೆಯ ವಂತಿಗೆಂದು ನನ್ನ ಮೇಜಿನ ಮೇಲೆ ಅಂಥದೊಂದು ನಾಣ್ಯವನ್ನಿಟ್ಟ. ಅವನು ಕುರುಡುಮಲೆಯವನು, ತಾಯಿ ಅಲ್ಲಿಯ ಗಣಪತಿ ದೇವಾಲಯದ ಮುಂದೆ ಹೂವು, ಗರಿಕೆ, ತೆಂಗಿನಕಾಯಿ ಮಾರುವವಳು. ನಾನು ನಾಣ್ಯವನ್ನು ತಿರುವಿದೆ. ಮುಂದೆ ಸಿಂಹಗಳು ನೆಟ್ಟಗೆ ನಿಂತಿವೆ. ಹಿಂದೆ 10 ಎಂಬ ಅಂಕೆ ಗೆರೆಗಳ ಸಮೇತ ಮಗ್ಗುಲಿಗೆ ಒರಗಿ ಮಲಗಿದೆ. “ಇದು ಖೋಟಾ ಕಣಯ್ಯ, ನಿಮ್ಮಮ್ಮನಿಗೆ ಯಾರೋ ಟೋಪಿ ಹಾಕಿದ್ದಾರೆ” ಎಂದು ತರಗತಿಯ ಎದುರಿಗೇ ಹೇಳಿ ಹಿಂದಕ್ಕೆ ಕೊಟ್ಟುಬಿಟ್ಟೆ. ಹುಡುಗರು ನಕ್ಕರು. ಮಾರನೆಯ ದಿನ ಅವನು ಒಂದೊಂದು ರೂಪಾಯಿಯ ಹತ್ತು ನಾಣ್ಯ ತಂದು, ನನ್ನ ಮುಖ ನೋಡದೆ ಎಣಿಸಿಟ್ಟು ಹೋದ.

ಕೆಲವು ದಿನಗಳ ಮೇಲೆ ನಿವೃತ್ತ ಬ್ಯಾಂಕ್ ನೌಕರರೊಬ್ಬರ ಮನೆಯಲ್ಲಿ ಕುಳಿತಿದ್ದಾಗ ಇದನ್ನು ತಮಾಷೆಯ ಮಾತಾಗಿ ಹೇಳಿದೆ. ಅವರು ನಗಲಿಲ್ಲ. “ಖೋಟಾ ಮಾಡುವವನು ಹಾಗೆ ಅಡ್ಡಡ್ಡ ಒತ್ತುತ್ತಾನೆಯೆ ಸ್ವಾಮಿ? ಅವನಿಗೆ ಸಿಕ್ಕಿಬೀಳುವ ಭಯವಿದೆ. ಅಂಥ ತಪ್ಪು ಮಾಡುವ ಧೈರ್ಯ ಸರ್ಕಾರದ ಯಂತ್ರಕ್ಕೆ ಮಾತ್ರ ಉಂಟು” ಎಂದರು. ಒಳಗಿನಿಂದ ಒಂದು ಬಿಸ್ಕತ್ತಿನ ಡಬ್ಬಿಯನ್ನು ತಂದು ನನ್ನ ಮುಂದೆ ಸುರಿದರು. ಆ ಸಂಜೆ ನಾನು ಕಲಿತದ್ದನ್ನೂ, ಆಮೇಲೆ ಓದಿ ನೋಡಿ ತಿಳಿದುಕೊಂಡದ್ದನ್ನೂ ನಿಮ್ಮ ಮುಂದೆ ಇಡುತ್ತೇನೆ.

ಕುರುಡುಮಲೆಯ ಹೆಸರು ಬಂತಲ್ಲ. ಅದನ್ನೇ ಹಿಡಿದು ಮುಂದುವರಿಯೋಣ. ಮುಳಬಾಗಿಲಿನಿಂದ ಸುಮಾರು ಹತ್ತು ಕಿಲೋಮೀಟರ್ ದೂರದ ಈ ಊರಿನ ಮೊದಲ ಹೆಸರು ಕೂಡುಮಲೆ, ದೇವತೆಗಳು ಕೂಡಿದ ಮಲೆ, ಎಂದು ಅಲ್ಲಿಯವರು ಹೇಳುತ್ತಾರೆ. ಹಾಗಿದ್ದರೆ ಜನರ ನಾಲಗೆಯೆಂಬ ಟಂಕಸಾಲೆಯಲ್ಲಿ ಊರಿನ ಹೆಸರಿಗೇ ಅಚ್ಚು ತಪ್ಪಿತೆನ್ನಬೇಕು! ಅಲ್ಲಿ ಒಂದೇ ಕಲ್ಲಿನಲ್ಲಿ ಕಡೆದ, ಹದಿಮೂರು ಅಡಿಗೂ ಮಿಕ್ಕ ಎತ್ತರದ ಗಣಪತಿಯನ್ನು ನಿಮ್ಮಲ್ಲಿ ಹಲವರು ನೋಡಿರಬೇಕು. ಅದೇ ಊರಿನ ಸೋಮೇಶ್ವರ ದೇವಾಲಯದ ಒಂದು ಪಾಲು ಜಕಣಾಚಾರಿಯ ಕೈಕೆಲಸ, ಇನ್ನೊಂದು ಪಾಲು ಅವನ ಮಗ ಡಂಕಣನದು ಎಂಬ ಮಾತು ಜನರ ಬಾಯಲ್ಲಿದೆ. ಚರಿತ್ರೆ ಒಪ್ಪುತ್ತದೆಯೋ ಬಿಡುತ್ತದೆಯೋ, ನಮಗೆ ಈಗ ಬೇಕಾದುದು ಆ ತಂದೆ ಮಕ್ಕಳ ಬೇಲೂರಿನ ಕಥೆ. ತಂದೆ ಕಡೆದ ವಿಗ್ರಹದ ಶಿಲೆಯಲ್ಲಿ ದೋಷವಿದೆ ಎಂದ ಮಗ. ಮೈಗೆಲ್ಲ ಗಂಧವನ್ನು ಬಳಿದರು. ಎಲ್ಲ ಕಡೆಯೂ ಒಣಗಿತು, ಹೊಕ್ಕುಳಿನ ಹತ್ತಿರ ಮಾತ್ರ ಒಣಗಲಿಲ್ಲ. ಅಲ್ಲಿ ಉಳಿಯಿಟ್ಟರೆ ನೀರೂ ಕಪ್ಪೆಯೂ ಹೊರಬಂದವು.

ಈ ಕಥೆಯಲ್ಲಿ ಡಂಕಣನ ಜಾಣತನವೇನು? ದೋಷವಿದೆ ಎಂದದ್ದಲ್ಲ, ದೋಷ ಎಲ್ಲಿ ಹುಟ್ಟಿತೆಂದು ಕಂಡದ್ದು. ತಂದೆಯ ಉಳಿ ತಪ್ಪಲಿಲ್ಲ. ವಿಗ್ರಹ ಆಮೇಲೆ ಬಿದ್ದು ಮುಕ್ಕಾಗಲೂ ಇಲ್ಲ. ಕಲ್ಲಿನಲ್ಲಿ ಮೊದಲೇ ತಪ್ಪಿತ್ತು. ನಾಣ್ಯವನ್ನು ಪರೀಕ್ಷಿಸುವವನು ಕೇಳಬೇಕಾದ ಪ್ರಶ್ನೆಯೂ ಇದೇ. ಈ ವಿಕಾರ ಬಿಲ್ಲೆಯಲ್ಲಿ ಹುಟ್ಟಿತೇ, ಅಚ್ಚಿನಲ್ಲಿ ಹುಟ್ಟಿತೇ, ಹೊಡೆತದಲ್ಲಿ ಹುಟ್ಟಿತೇ? ಅಥವಾ ನಾಣ್ಯ ಟಂಕಸಾಲೆಯ ಬಾಗಿಲು ದಾಟಿದ ಮೇಲೆ ಲೋಕದ ಕೈಯಲ್ಲಿ ಆದ ಗಾಯವೇ? ಮೊದಲ ಮೂರಾದರೆ ಟಂಕಸಾಲೆಯ ತಪ್ಪು. ಕೊನೆಯದಾದರೆ ಅದು ಬರಿಯ ಕೆಟ್ಟ ನಾಣ್ಯ.

ಟಂಕಸಾಲೆಗೆ ಹಳಗನ್ನಡದ ಶಾಸನಗಳಲ್ಲಿ ಕಮ್ಮಟವೆಂಬ ಸೊಗಸಾದ ಹೆಸರಿದೆ. ಗದುಗಿನ ಹತ್ತಿರದ ಲಕ್ಕುಂಡಿ ಅಂಥ ಕಮ್ಮಟದ ಊರು. ಅದರ ಹಳೆಯ ಹೆಸರು ಲೊಕ್ಕಿಗುಂಡಿ, ಲೊಕ್ಕಿ ಗದ್ಯಾಣಕ್ಕೆ ಆ ಹೆಸರು ಬಂದದ್ದು ಅಲ್ಲಿಂದ. ಆಗ ಕಮ್ಮಟದಲ್ಲಿ ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ನಡುವೆ ಲೋಹದ ತುಂಡು, ಮೇಲಿನಿಂದ ಸುತ್ತಿಗೆಯ ಪೆಟ್ಟು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಕಾಸುಗಳನ್ನು ನೋಡಿದ್ದೀರಾ? ಕನ್ನಡದಲ್ಲಿ ‘ಮಯಿಲಿ ಕಾಸು’ ಎಂದೂ ಇಂಗ್ಲಿಷಿನಲ್ಲಿ ‘ಕ್ಯಾಶ್’ ಎಂದೂ ಅವುಗಳ ಮೇಲೆ ಬರೆದಿದೆ. (ಆ ‘ಕ್ಯಾಶ್’ ಎಂಬ ನಾಣ್ಯದ ಹೆಸರು ನಮ್ಮ ದ್ರಾವಿಡ ‘ಕಾಸು’ ಪೋರ್ಚುಗೀಸರ ಬಾಯಿಂದ ಹಾದುಬಂದು ಹುಟ್ಟಿದ್ದು, ಕೊಟ್ಟ ಸಾಲ ಬಡ್ಡಿಯೊಡನೆ ಹಿಂದಿರುಗಿದಂತೆ.) ಅವುಗಳಲ್ಲಿ ಚಿತ್ರ ನಟ್ಟನಡುವೆ ಕುಳಿತದ್ದೇ ಅಪರೂಪ, ಒಂದರಲ್ಲಿ ಆನೆಯ ಸೊಂಡಿಲು ಹೊರಗೆ, ಇನ್ನೊಂದರಲ್ಲಿ ಅಕ್ಷರದ ಅರ್ಧ ಹೊರಗೆ. ಅದನ್ನು ಯಾರೂ ತಪ್ಪೆನ್ನುವುದಿಲ್ಲ. ಕೈಕೆಲಸದ ಸ್ವಭಾವವೇ ಹಾಗೆ. ಹಳೆಯ ಕಾಸೊಂದು ಓರೆಯಾಗಿದೆಯೆಂದು ಯಾರಾದರೂ ಹೆಚ್ಚು ಬೆಲೆ ಕೇಳಿದರೆ ನಕ್ಕು ಬರಬಹುದು.

ಈಗಿನ ರೀತಿ ಬೇರೆ. ಲೋಹದ ಹಾಳೆಯಿಂದ, ಒತ್ತಿದ ಹಿಟ್ಟಿನಿಂದ ನಿಪ್ಪಟ್ಟು ಕತ್ತರಿಸಿದ ಹಾಗೆ, ಬಿಲ್ಲೆಗಳನ್ನು ಕತ್ತರಿಸುತ್ತಾರೆ. ಕಾಯಿಸಿ ಮೆದುಮಾಡಿ, ತೊಳೆದು, ಸುತ್ತಲೂ ಒತ್ತಿ ಅಂಚನ್ನು ಸ್ವಲ್ಪ ಎತ್ತರಿಸುತ್ತಾರೆ. ಆಮೇಲೆ ಒಂದು ಉಕ್ಕಿನ ಬಳೆಯೊಳಗೆ ಬಿಲ್ಲೆ ಕುಳಿತುಕೊಳ್ಳುತ್ತದೆ. ಕೆಳಗಿನ ಅಚ್ಚಿಗೂ ಮೇಲಿನ ಅಚ್ಚಿಗೂ ನಡುವೆ ಸಿಕ್ಕಿ ಒಂದೇ ಪೆಟ್ಟಿಗೆ ಎರಡು ಮುಖಗಳನ್ನೂ ಅಂಚಿನ ಗೀರುಗಳನ್ನೂ ಪಡೆದು ಹೊರಗೆ ಬೀಳುತ್ತದೆ. ನಿಮಿಷಕ್ಕೆ ನೂರಾರು ಬಾರಿ ಈ ಪೆಟ್ಟು. ಕೆಟ್ಟವನ್ನು ಆರಿಸಿ ತೆಗೆದ ಮೇಲೂ ಎಲ್ಲೋ ಒಂದು ಕಣ್ತಪ್ಪಿ ಚೀಲದೊಳಗೆ ಬಂದುಬಿಡುತ್ತದೆ.

ನಮ್ಮ ರಾಜ್ಯದಲ್ಲಿ ಇಂದು ನಾಣ್ಯದ ಟಂಕಸಾಲೆಯಿಲ್ಲ; ಮೈಸೂರಿನಲ್ಲಿರುವುದು ನೋಟಿನ ಮುದ್ರಣಾಲಯ. ನಾಣ್ಯಗಳು ಬರುವುದು ಮುಂಬಯಿ, ಕಲ್ಕತ್ತೆ, ಹೈದರಾಬಾದ್, ನೋಯ್ಡಾ ಈ ನಾಲ್ಕು ಕಡೆಗಳಿಂದ. ಇಸವಿಯ ಕೆಳಗೆ ಪುಟ್ಟ ವಜ್ರಾಕೃತಿಯಿದ್ದರೆ ಮುಂಬಯಿ, ನಕ್ಷತ್ರವಿದ್ದರೆ ಹೈದರಾಬಾದ್, ದುಂಡು ಚುಕ್ಕೆಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕಲ್ಕತ್ತೆ. ಇಷ್ಟನ್ನು ತಿಳಿಯದವರು “ಇಸವಿಯ ಕೆಳಗೆ ಚುಕ್ಕೆ ಬಿದ್ದಿದೆ, ತಪ್ಪಿದ ನಾಣ್ಯ” ಎಂದು ಸಂಭ್ರಮಿಸುತ್ತಾರೆ. ಅದು ತಪ್ಪಲ್ಲ, ಹುಟ್ಟೂರಿನ ಗುರುತು. 1985ರ ಒಂದು ರೂಪಾಯಿಯಲ್ಲಿ ‘ಹೆಚ್’ ಅಕ್ಷರ ಕಂಡರೆ ಅದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಹೀಟನ್ ಟಂಕಸಾಲೆಯದು. ಹೊರದೇಶಗಳಿಂದಲೂ ನಾವು ನಾಣ್ಯಗಳನ್ನು ಹೊಡೆಸಿ ತರಿಸಿದ ಕಾಲವುಂಟು.

ಹಾಗೆಯೇ ಒಂದೇ ಬೆಲೆಯ ನಾಣ್ಯ ಹಲವು ರೂಪಗಳಲ್ಲಿರುವುದೂ ತಪ್ಪಲ್ಲ. ಹತ್ತು ರೂಪಾಯಿಯಲ್ಲಿ ಹದಿನೈದು ಗೆರೆಯದು ಮೊದಲು ಬಂದದ್ದು. ರೂಪಾಯಿಯ ಹೊಸ ಚಿಹ್ನೆಯೂ ಹತ್ತು ಗೆರೆಯೂ ಇರುವುದು 2011ರಿಂದ ಬಂದದ್ದು. ಅಲ್ಲಿಯತನಕ ಹೊರಟ ಹದಿನಾಲ್ಕು ವಿನ್ಯಾಸಗಳೂ ಚಲಾವಣೆಗೆ ಸಿಂಧುವೆಂದು ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲಿ ಸಾರಿ ಹೇಳಬೇಕಾಯಿತು. ಇಪ್ಪತ್ತು ರೂಪಾಯಿಯದು ಹನ್ನೆರಡು ಮೂಲೆಯದು, ಅಂಚಿನಲ್ಲಿ ಗೀರುಗಳೇ ಇಲ್ಲ. ಅದೂ ಹಾಗೆಯೇ ಹುಟ್ಟಿದ್ದು. ಇನ್ನೊಂದು ಗೊಂದಲವುಂಟು. 1992ರಿಂದ ನಡೆದ ಒಂದು ರೂಪಾಯಿಯ ಉಕ್ಕಿನ ನಾಣ್ಯವೂ 2011ರ ಮಾದರಿಯ ಎರಡು ರೂಪಾಯಿಯೂ ಒಂದೇ ಅಳತೆ, ಒಂದೇ ತೂಕ: ಅಡ್ಡಗಲ 25 ಮಿಲಿಮೀಟರ್, ತೂಕ 4.85 ಗ್ರಾಂ. ಕತ್ತಲೆಯಲ್ಲಿ ಮೋಸ ಹೋಗುವವರಿಗೆ ಇದು ಸಂಕಟವೇ ಸರಿ, ಆದರೆ ತಪ್ಪಲ್ಲ.

ಇಷ್ಟನ್ನು ಬದಿಗಿಟ್ಟ ಮೇಲೆ ನಿಜವಾದ ತಪ್ಪುಗಳಿಗೆ ಬರೋಣ.

ಬಿಲ್ಲೆಯ ತಪ್ಪುಗಳಲ್ಲಿ ಚೆಂದದ್ದು ಕಚ್ಚಿದ ನಾಣ್ಯ. ಹಾಳೆ ಸರಿಯಾಗಿ ಮುಂದೆ ಸರಿಯದೆ ಹೋದಾಗ, ಕತ್ತರಿಸುವ ಅಚ್ಚು ಆಗಲೇ ಆದ ತೂತಿನ ಮೇಲೆ ಸ್ವಲ್ಪ ಬೀಳುತ್ತದೆ. ಬಿಲ್ಲೆಯ ಒಂದು ಕಡೆ, ಇಲಿ ಚಂದ್ರಾಕಾರವಾಗಿ ಕಚ್ಚಿಕೊಂಡು ಹೋದ ದೋಸೆಯಂತೆ, ಕೊರತೆಯಾಗುತ್ತದೆ. ಇದನ್ನು ಮನೆಯಲ್ಲಿ ಅರದಿಂದ ತೀಡಿಯೂ ಮಾಡಬಹುದಲ್ಲ ಎಂದರೆ, ಪರೀಕ್ಷೆ ಇದೆ. ಕಚ್ಚಿದ ಜಾಗಕ್ಕೆ ನೇರ ಎದುರಿನ ಅಂಚನ್ನು ನೋಡಿರಿ. ಅಂಚನ್ನು ಎತ್ತರಿಸುವ ಯಂತ್ರ ಎರಡು ಕಡೆಯಿಂದ ಒತ್ತಿ ಕೆಲಸ ಮಾಡುವಂಥದು. ಒಂದು ಕಡೆ ಲೋಹವೇ ಇಲ್ಲದಿದ್ದರೆ ಎದುರು ಕಡೆಗೂ ಒತ್ತಡ ಬೀಳುವುದಿಲ್ಲ. ಆದುದರಿಂದ ನಿಜವಾದ ಕಚ್ಚಿದ ನಾಣ್ಯದಲ್ಲಿ ಎದುರಿನ ಅಂಚು ಮಸುಕಾಗಿ ಸೊರಗಿರುತ್ತದೆ. ಇದಕ್ಕೆ ಬ್ಲೇಕ್ಸ್‌ಲಿ ಪರಿಣಾಮವೆಂದು ಹೆಸರು. ಮನೆಯಲ್ಲಿ ಅರ ಹಿಡಿದವನಿಗೆ ಇದು ಹೊಳೆಯುವುದಿಲ್ಲ. ನನಗಂತೂ ಇದನ್ನು ಕಲಿತ ದಿನ ಹೊಕ್ಕುಳಿನ ಹಸಿ ಗಂಧವನ್ನೇ ಕಂಡಂತಾಯಿತು.

ಬಿಲ್ಲೆಯೇ ಬೇರೆ ನಾಣ್ಯದ್ದಾಗಿರುವುದೂ ಉಂಟು. ಇದಕ್ಕೆ ಅಕ್ಕಸಾಲಿಗನ ಚಿಕ್ಕ ತಕ್ಕಡಿಯೂ ಒಂದು ಅಯಸ್ಕಾಂತವೂ ಸಾಕು. ಒಂದು ರೂಪಾಯಿಯ ಉಕ್ಕಿನ ನಾಣ್ಯ ಅಯಸ್ಕಾಂತಕ್ಕೆ ಅಂಟುತ್ತದೆ. ಹನ್ನೊಂದು ಮೂಲೆಯ ಹಳೆಯ ಎರಡು ರೂಪಾಯಿ ತಾಮ್ರ ನಿಕ್ಕಲುಗಳ ಬೆರಕೆ, ಅದು ಅಂಟದು. ಅಂಟಬಾರದ್ದು ಅಂಟಿದರೆ ತೂಗಿ ನೋಡಿ. ಆದರೆ ಅವಸರ ಬೇಡ. ಐದು ರೂಪಾಯಿ ಮೊದಲು ತಾಮ್ರ ನಿಕ್ಕಲಿನದಾಗಿತ್ತು, ನಡುವೆ ಕೆಲವು ವರ್ಷ ಉಕ್ಕಿನದಾಯಿತು, ಆಮೇಲೆ ಹಳದಿ ಬಣ್ಣದ ಹಿತ್ತಾಳೆಯ ಬೆರಕೆಯದಾಯಿತು. ಮೊದಲು ಇಸವಿ ನೋಡಬೇಕು, ಆಮೇಲೆ ಬೆರಗಾಗಬೇಕು.

ಅಚ್ಚಿನ ತಪ್ಪುಗಳಿಗೆ ಒಂದು ಸೂತ್ರವುಂಟು, ಅದನ್ನು ಮಕ್ಕಳಿಗೂ ಕಲಿಸಬಹುದು: ಉಬ್ಬಿದ್ದು ಅಚ್ಚಿನದು, ತಗ್ಗಿದ್ದು ಲೋಕದ್ದು. ಅಚ್ಚು ಬಳಲಿ ಬಿರುಕು ಬಿಟ್ಟರೆ ಆ ಬಿರುಕಿನೊಳಕ್ಕೆ ನಾಣ್ಯದ ಲೋಹ ನುಗ್ಗಿ ಸಣ್ಣ ಏರಿನಂತೆ ಮೇಲೆದ್ದು ನಿಲ್ಲುತ್ತದೆ. ಉಗುರಿನಿಂದ ಸವರಿದರೆ ತಡೆಯುತ್ತದೆ. ನಾಣ್ಯದ ಮೇಲೆ ಮೊಳೆಯೋ ಬೀಗದಕೈಯೋ ಗೀಚಿದರೆ ಗೆರೆ ಕೆಳಕ್ಕೆ ಇಳಿದಿರುತ್ತದೆ. ಉಕ್ಕಿನ ಬಿಲ್ಲೆ ಗಡಸು, ಅಚ್ಚನ್ನು ಬೇಗ ತಿನ್ನುತ್ತದೆ. ಆದುದರಿಂದ ನಮ್ಮ ಉಕ್ಕಿನ ನಾಣ್ಯಗಳಲ್ಲಿ ಈ ಬಿರುಕಿನ ಗೆರೆಗಳನ್ನು ಹುಡುಕುವುದು ವ್ಯರ್ಥವಲ್ಲ. ಅಚ್ಚಿನ ಅಂಚಿನ ಚೂರೇ ಮುರಿದು ಬಿದ್ದರೆ ನಾಣ್ಯದ ಅಂಚಿನಲ್ಲಿ ಒಂದು ಬಾವು ಎದ್ದಂತೆ ಕಾಣುತ್ತದೆ. ಅಚ್ಚಿನ ತಗ್ಗಿನಲ್ಲಿ ಎಣ್ಣೆ ಜಿಡ್ಡು ತುಂಬಿಕೊಂಡರೆ ಅಕ್ಷರವೋ ಇಸವಿಯ ಅಂಕೆಯೋ ಮೂಡುವುದಿಲ್ಲ. ಆಗ ಅಂಕೆ ಇರಬೇಕಾದ ಜಾಗ ಸುತ್ತಲಿನಷ್ಟೇ ನಯವಾಗಿರಬೇಕು. ಅಲ್ಲಿ ಉಜ್ಜಿದ ಗೀರು ಕಂಡರೆ ಯಾರೋ ಅಳಿಸಿದ್ದಾರೆ ಎಂದರ್ಥ.

ಅಕ್ಷರಗಳು ಎರಡೆರಡಾಗಿ ಕಾಣುವ ನಾಣ್ಯಗಳ ವಿಷಯದಲ್ಲಿ ಮೋಸ ಹೋಗುವವರೇ ಹೆಚ್ಚು. ಅಚ್ಚನ್ನು ಮಾಡುವಾಗಲೇ ಚಿತ್ರ ಎರಡು ಸಲ ಸ್ವಲ್ಪ ಸರಿದು ಬಿದ್ದರೆ ಅದು ಸೊಗಸಾದ ತಪ್ಪು. ಎರಡು ರೂಪಗಳೂ ದುಂಡಗೆ, ಪೂರ್ಣವಾಗಿ ಎದ್ದಿರುತ್ತವೆ. ಅಮೆರಿಕದ 1955ರ ಒಂದು ಸೆಂಟಿನ ನಾಣ್ಯ ಇಂಥದು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಹೊರಬಿದ್ದವು. ಯಂತ್ರದಿಂದ ಸಿಗರೇಟು ಕೊಳ್ಳುವವರಿಗೆ ಪೊಟ್ಟಣದೊಳಗೇ ಚಿಲ್ಲರೆಯಾಗಿ ಅವುಗಳಲ್ಲಿ ಎಷ್ಟೋ ಕೈಸೇರಿದುವಂತೆ. ನಮ್ಮ ಕೈಗೆ ಸಾಮಾನ್ಯವಾಗಿ ಸಿಕ್ಕುವುದು ಅದಲ್ಲ. ಪೆಟ್ಟು ಬಿದ್ದ ಗಳಿಗೆಯಲ್ಲಿ ಅಚ್ಚು ಕೊಂಚ ಅಲುಗಿ ಅಕ್ಷರದ ಮಗ್ಗುಲಿನಲ್ಲಿ ಚಪ್ಪಟೆಯ ಮೆಟ್ಟಿಲೊಂದು ಮೂಡುತ್ತದೆ. ಅದು ದಿನಬೆಳಗಾದರೆ ಆಗುವ ಸಂಗತಿ, ಬೆಲೆಯೇನೂ ಇಲ್ಲ.

ಅಚ್ಚುಗಳ ಜೋಡಿಯೇ ತಪ್ಪುವುದುಂಟು. ಒಂದು ನಾಣ್ಯದ ಮುಮ್ಮೈಗೆ ಇನ್ನೊಂದರ ಹಿಮ್ಮೈ. ಸಂಗ್ರಾಹಕರು ಇದನ್ನು ಹೇಸರಗತ್ತೆ ಎನ್ನುತ್ತಾರೆ, ಹೆಸರಿಟ್ಟವನು ರಸಿಕ. 2008ರಲ್ಲಿ ಇಂಗ್ಲೆಂಡಿನವರು ಚಿಲ್ಲರೆಯ ಚಿತ್ರಗಳನ್ನೆಲ್ಲ ಬದಲಾಯಿಸಿದರು. ಇಪ್ಪತ್ತು ಪೆನ್ಸಿನ ನಾಣ್ಯದಲ್ಲಿ ಹಿಮ್ಮೈಯಲ್ಲಿದ್ದ ಇಸವಿಯನ್ನು ಮುಮ್ಮೈಗೆ ತಂದರು. ಯಾರೋ ಹೊಸ ಹಿಮ್ಮೈಗೆ ಹಳೆಯ ಮುಮ್ಮೈಯನ್ನೇ ಜೋಡಿಸಿಬಿಟ್ಟರು. ಇಸವಿಯೇ ಇಲ್ಲದ ನಾಣ್ಯಗಳು ಜನರ ಕೈಗೆ ಹೋದವು. ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲದಲ್ಲಿ ಅಲ್ಲಿ ಇಸವಿಯಿಲ್ಲದ ನಾಣ್ಯ ಚಲಾವಣೆಗೆ ಬಂದದ್ದು ಅದೇ ಮೊದಲು. ಅಷ್ಟು ಹಳೆಯ ಟಂಕಸಾಲೆಯೂ ಎಡವಿತು ನೋಡಿ; ನಮ್ಮದನ್ನು ಹಳಿಯುವ ಮೊದಲು ಇದನ್ನು ನೆನೆಯಬಹುದು.

ಇನ್ನು ನನ್ನ ತರಗತಿಯ ಆ ನಾಣ್ಯ. ಅಚ್ಚನ್ನು ಅದರ ಗೂಡಿನಲ್ಲಿ ಬಿಗಿದ ಹಿಡಿತ ಸಡಿಲವಾದರೆ ಅದು ಗಡಿಯಾರದ ಮುಳ್ಳಿನಂತೆ ಮೆಲ್ಲಗೆ ಸುತ್ತುತ್ತದೆ. ಪರೀಕ್ಷೆ ಸುಲಭ. ಸಿಂಹಗಳು ನೆಟ್ಟಗಿರುವಂತೆ ನಾಣ್ಯದ ತಲೆಯನ್ನೂ ಪಾದವನ್ನೂ ಎರಡು ಬೆರಳುಗಳಲ್ಲಿ ಹಿಡಿದುಕೊಂಡು ಪುಸ್ತಕದ ಹಾಳೆ ತಿರುವಿದಂತೆ ತಿರುವಿರಿ. ನಮ್ಮ ನಾಣ್ಯಗಳಲ್ಲಿ ಹಿಮ್ಮೈ ಕೂಡ ನೆಟ್ಟಗೆ ನಿಂತಿರಬೇಕು. ಹತ್ತು ಹದಿನೈದು ಡಿಗ್ರಿ ವಾಲಿದ್ದರೆ ಸಂಗ್ರಾಹಕರು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಗಂಟೆಯ ಮುಳ್ಳು ಮೂರಕ್ಕೋ ಆರಕ್ಕೋ ಬಂದಷ್ಟು ತಿರುಗಿದ್ದರೆ ಎತ್ತಿಡಿರಿ. ಅಮೆರಿಕದಿಂದ ಬಂದ ಮೊಮ್ಮಗ ತಂದ ನಾಣ್ಯಗಳೆಲ್ಲ ಹೀಗೆ ತಿರುವಿದಾಗ ತಲೆಕೆಳಗಾಗಿ ಕಂಡರೆ ಗಾಬರಿಯಾಗಬೇಡಿ. ಅವರ ಪದ್ಧತಿಯೇ ಅದು, ಅವನ್ನು ಗೋಡೆಯ ಕ್ಯಾಲೆಂಡರಿನ ಹಾಳೆಯಂತೆ ಮೇಲಕ್ಕೆ ಮಗುಚಬೇಕು. ತಿರುಗಿದ ಅಚ್ಚಿನ ನಾಣ್ಯವನ್ನು ಮನೆಯಲ್ಲಿ ಮಾಡುವುದು ಬಹಳ ಕಷ್ಟ. ಆ ಹುಡುಗನ ನಾಣ್ಯ ಮೂರು ಗಂಟೆಯ ಹತ್ತಿರವಿತ್ತು.

ಬಿಸ್ಕತ್ತಿನ ಡಬ್ಬಿಯನ್ನು ಕಂಡ ಮಾರನೆಯ ದಿನವೇ ನಾನು ತರಗತಿಯಲ್ಲಿ ಎದ್ದುನಿಂತು, ತಪ್ಪು ನಾಣ್ಯದ್ದಲ್ಲ, ನನ್ನದು ಎಂದು ಎಲ್ಲರ ಮುಂದೆ ಹೇಳಿದೆ. ಆ ಹತ್ತು ರೂಪಾಯಿಯನ್ನು ತಾ, ನೂರು ಕೊಡುತ್ತೇನೆ ಎಂದೆ. ಅವನು ತಲೆತಗ್ಗಿಸಿ, “ಹುಂಡಿಗೆ ಹಾಕ್ಬಿಟ್ಟೆ ಸಾರ್, ಖೋಟಾ ಮನೇಲಿಟ್ಕೋಬಾರ್ದು ಅಂತ ಅಮ್ಮ ಅಂದ್ರು” ಎಂದ. ಬಡವರ ಮನೆಯಲ್ಲಿ ಹತ್ತು ರೂಪಾಯಿಯನ್ನು ಹಾಗೆ ಕಳೆಯಿಸಿದವನು ನಾನು.

ಹೊಡೆತದ ತಪ್ಪುಗಳು ಕಣ್ಣಿಗೆ ಹೊಡೆಯುವಂಥವು. ಬಿಲ್ಲೆ ಬಳೆಯೊಳಗೆ ಸರಿಯಾಗಿ ಕೂರದೆ ಅರ್ಧ ಹೊರಗುಳಿದರೆ ಚಿತ್ರ ಒಂದು ಕಡೆಗೆ ಸರಿದು ಇನ್ನೊಂದು ಕಡೆ ಅರ್ಧಚಂದ್ರದಂತೆ ಬೋಳಾಗಿರುತ್ತದೆ. ಹೀಗೆ ಸರಿದದ್ದರಲ್ಲಿಯೂ ಇಸವಿ ಓದಲು ಸಿಕ್ಕುವುದಕ್ಕೆ ಹೆಚ್ಚು ಆದರ. ಬಳೆಯೇ ಇಲ್ಲದೆ ಪೆಟ್ಟು ಬಿದ್ದರೆ ತಡೆಯಿಲ್ಲದ ಲೋಹ ರೊಟ್ಟಿಯಂತೆ ಹರಡಿಕೊಳ್ಳುತ್ತದೆ; ಅಗಲ ಹೆಚ್ಚು, ಅಂಚಿನ ಗೀರು ಇರದು. ಹತ್ತು ರೂಪಾಯಿಯಲ್ಲಿ ಹೊರಗಿನ ಹಳದಿ ಬಳೆ, ಒಳಗಿನ ಬಿಳಿಯ ಬಿಲ್ಲೆ ಒಂದಾಗುವುದೂ ಆ ಪೆಟ್ಟಿನಲ್ಲಿಯೇ. ಒಳಬಿಲ್ಲೆ ಓರೆಯಾಗಿ ಕುಳಿತು ಬಳೆಯ ಮೇಲೆ ಹತ್ತಿಕೊಂಡದ್ದನ್ನು ನಾನು ನೋಡಿದ್ದೇನೆ.

ಇವೆಲ್ಲಕ್ಕಿಂತ ವಿಚಿತ್ರವಾದದ್ದು ಉತ್ತರದ ಸಂಗ್ರಾಹಕರು ‘ಲಖಿ’ ಎಂದು ಕರೆಯುವ ನಾಣ್ಯ. ಹೊಡೆದ ನಾಣ್ಯವೊಂದು ಹೊರಗೆ ಬೀಳದೆ ಮೇಲಿನ ಅಚ್ಚಿಗೆ ಕಚ್ಚಿಕೊಂಡಿತೆನ್ನಿ. ಮುಂದಿನ ಬಿಲ್ಲೆ ಬಂದು ಕುಳಿತು ಪೆಟ್ಟು ತಿನ್ನುತ್ತದೆ. ಕೆಳಗಿನ ಮುಖಕ್ಕೆ ಅಚ್ಚು ಸರಿಯಾಗಿ ಬೀಳುತ್ತದೆ. ಮೇಲಿನ ಮುಖಕ್ಕೆ ಅಚ್ಚಿನ ಬದಲು ಆ ಅಂಟಿಕೊಂಡ ನಾಣ್ಯವೇ ಒತ್ತುತ್ತದೆ. ಫಲವಾಗಿ ಎರಡು ಕಡೆಯೂ ಒಂದೇ ಚಿತ್ರ; ಒಂದು ಕಡೆ ಉಬ್ಬಾಗಿ ನೆಟ್ಟಗೆ, ಇನ್ನೊಂದು ಕಡೆ ತಗ್ಗಾಗಿ, ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲಾಗಿ. ತಗ್ಗಿದ್ದು ಲೋಕದ್ದು ಎಂದೆನಲ್ಲ, ಆ ಸೂತ್ರಕ್ಕೆ ಇದು ಅಪವಾದ; ವ್ಯಾಕರಣ ಹೇಳುವವನಿಗೆ ಅಪವಾದವಿಲ್ಲದ ಸೂತ್ರದ ಮೇಲೆ ಅಷ್ಟು ನಂಬಿಕೆಯಿಲ್ಲ. ಈ ಲಖಿಯ ಆಸೆಗೆ ಕೆಲವರು ಎರಡು ನಾಣ್ಯಗಳನ್ನು ಕಮ್ಮಾರನ ಹಿಡಿಕೆಯಲ್ಲಿ ಸಿಕ್ಕಿಸಿ ಬಿಗಿಯುತ್ತಾರೆ. ಅಂಥದರಲ್ಲಿ ತಗ್ಗು ಚಿತ್ರದ ಅಡಿಯಲ್ಲಿ ಮೊದಲಿದ್ದ ಚಿತ್ರದ ಅವಶೇಷ ಚಪ್ಪಟೆಯಾಗಿ ಇಣುಕುತ್ತಿರುತ್ತದೆ. ನಿಜವಾದುದರಲ್ಲಿ ಆ ಮುಖಕ್ಕೆ ಬೇರೆ ಚಿತ್ರ ಬಿದ್ದೇ ಇರುವುದಿಲ್ಲವಷ್ಟೆ.

ಎರಡು ಕಡೆಯೂ ಉಬ್ಬು ಚಿತ್ರವೇ ಇರುವ ನಾಣ್ಯ ಸಿಕ್ಕರೆ? ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಿಸಿದ, 1975ರಲ್ಲಿ ತೆರೆಗೆ ಬಂದ ‘ಶೋಲೆ’ಯಲ್ಲ ಅಂಥದೊಂದಿದೆ, ಗೆಳೆಯನನ್ನು ಉಳಿಸಲು ಜೈ ಬಳಸಿದ್ದು ಅದನ್ನೇ. ಜೇಬಿಗೆ ಬರುವ ಅಂಥವು ಸಾಮಾನ್ಯವಾಗಿ ಒಂದು ನಾಣ್ಯವನ್ನು ಬಟ್ಟಲಿನಂತೆ ಕೊರೆದು ಇನ್ನೊಂದನ್ನು ತೀಡಿ ಒಳಗೆ ಕೂರಿಸಿದ ಕೈಚಳಕ. ಅಂಚಿನ ಒಳಸುತ್ತಿನಲ್ಲಿ ಬೆಸುಗೆಯ ಕೂದಲೆಳೆ ಇದೆಯೇ ಎಂದು ಭೂತಗನ್ನಡಿಯಿಂದ ನೋಡಿ. ಕಲ್ಲಿನ ಮೇಲೆ ಬೀಳಿಸಿ ನಾದವನ್ನು ಕೇಳಿ.

ಉಳಿದಂತೆ, ರೈಲು ಕಂಬಿಯ ಮೇಲಿಟ್ಟು ಚಪ್ಪಟೆಮಾಡಿದ್ದು, ಆಮ್ಲದಲ್ಲಿ ಅದ್ದಿ ತೆಳುವಾಗಿಸಿದ್ದು, ಹೊಲದ ಉಪ್ಪುಮಣ್ಣಿನಲ್ಲಿ ತಿಂದುಹೋದದ್ದು, ಹುಂಡಿಯ ಅರಿಸಿನ ಕುಂಕುಮಗಳಲ್ಲಿ ಬಣ್ಣ ತಿರುಗಿದ್ದು, ಇವೆಲ್ಲ ಲೋಕದ ಗಾಯಗಳು. ಇಂಥವನ್ನು ಬೇಕೆಂದೇ ಮಾಡುವವರು ತಿಳಿಯಬೇಕಾದುದಿದೆ: 2011ರ ನಾಣ್ಯ ಕಾಯಿದೆ ವಿರೂಪಗೊಳಿಸಿದ ನಾಣ್ಯವನ್ನು ಸಿಂಧುವೆಂದು ಒಪ್ಪುವುದಿಲ್ಲ, ನಾಣ್ಯವನ್ನು ಕರಗಿಸುವುದೂ ನಾಶಮಾಡುವುದೂ ಅದರ ಪ್ರಕಾರ ಅಪರಾಧ.

ಬೆಲೆಯ ಮಾತನ್ನು ನೀವು ಕಾಯುತ್ತಿದ್ದೀರಿ ಎಂದು ಬಲ್ಲೆ. ಒಳ್ಳೆಯ ತಪ್ಪಿಗೆ ಮುಖಬೆಲೆಗಿಂತ ಹೆಚ್ಚು ಕೊಡುವ ಸಂಗ್ರಾಹಕರಿದ್ದಾರೆ, ನಿಜ. ಆದರೆ ಕೈದೂರವಾಣಿಯಲ್ಲಿ ಓಡಾಡುವ ಲಕ್ಷ ಲಕ್ಷದ ಕಥೆಗಳನ್ನು ನಂಬಬೇಡಿ. ವೈಷ್ಣೋದೇವಿಯ ಚಿತ್ರದ 2012ರ ಐದು, ಹತ್ತು ರೂಪಾಯಿಗಳಿಗೆ ಲಕ್ಷ ಸಿಗುತ್ತದೆಂದು ಪುಕಾರು; ಅವು ತಪ್ಪಿದ ನಾಣ್ಯಗಳೇ ಅಲ್ಲ, ಸ್ಮರಣಾರ್ಥ ಹೊರಡಿಸಿದವು. ನಮ್ಮ ಕಡೆಯ ಟೊಮೇಟೊ ಬೆಳೆಗಾರನೊಬ್ಬ ಅಂಥದೊಂದನ್ನು ಮಾರಲು ಹೊರಟ. ಕೊಳ್ಳುತ್ತೇನೆಂದವನು ಮೊದಲು ನೋಂದಣಿಗೆ ಹಣ ಕೇಳಿದ, ಆಮೇಲೆ ತೆರಿಗೆಗೆ ಕೇಳಿದ. ಎಂಟು ಸಾವಿರ ಹೋದ ಮೇಲೆ ಆ ಕಡೆಯ ಗಂಟೆ ಬಾರಿಸುವುದೇ ನಿಂತಿತು. ಆ ವರ್ಷ ಟೊಮೇಟೊ ಕೇಳುವವರೇ ಇಲ್ಲದೆ ರಸ್ತೆಗೆ ಸುರಿದಿದ್ದವನು ಅವನು. ಇಂಥ ವ್ಯವಹಾರಕ್ಕೆ ತನ್ನ ಹೆಸರನ್ನು ದುರುಪಯೋಗಪಡಿಸುತ್ತಿದ್ದಾರೆ, ತಾನು ಹಳೆಯ ನಾಣ್ಯ ನೋಟುಗಳ ಕ್ರಯವಿಕ್ರಯದಲ್ಲಿ ತೊಡಗುವುದಿಲ್ಲ, ಅದಕ್ಕೆ ಶುಲ್ಕ ಕೇಳುವುದೂ ಇಲ್ಲ ಎಂದು ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿಯೇ ಎಚ್ಚರಿಸಿದೆ. ಕೊಳ್ಳುವವನು ಹಣ ಕೊಡಬೇಕೇ ಹೊರತು ಕೇಳಬಾರದು. ಅಂಗಡಿಯವರಿಗೂ ಒಂದು ಮಾತು: ಟಂಕಸಾಲೆಯಲ್ಲಿ ತಪ್ಪಿ ಹುಟ್ಟಿದ ನಾಣ್ಯ ಖೋಟಾ ಅಲ್ಲ. ತಂದ ಮುದುಕಿಯ ಮುಖಕ್ಕೆ ಅದನ್ನು ಎಸೆಯುವ ಮೊದಲು ಒಮ್ಮೆ ಹಾಳೆ ತಿರುವಿದಂತೆ ತಿರುವಿ ನೋಡಿ.

ಆ ಹುಡುಗ ಈಗ ಬೆಳೆದು ತಾಯಿಯ ಹೂವಿನಂಗಡಿಯನ್ನು ತಾನೇ ನಡೆಸುತ್ತಾನೆ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಪ್ಲಾಸ್ಟಿಕ್ ಡಬ್ಬಿಯೊಂದಿದೆ. ವಿಚಿತ್ರವಾಗಿ ಕಂಡ ನಾಣ್ಯವನ್ನೆಲ್ಲ ಅದಕ್ಕೆ ಹಾಕಿಟ್ಟಿರುತ್ತಾನೆ. ಸಂಕಷ್ಟಿಯ ದಿನ ನಾನು ಕುರುಡುಮಲೆಗೆ ಹೋದರೆ ದರ್ಶನವಾದ ಮೇಲೆ ಅವನ ಜಗಲಿಯ ಮೇಲೆ ಕುಳಿತು ಇಬ್ಬರೂ ಡಬ್ಬಿಯನ್ನು ಸುರಿದು ನೋಡುತ್ತೇವೆ. ಕಳೆದ ಸಲ ಹನ್ನೊಂದು ನಾಣ್ಯಗಳಿದ್ದವು. ಹತ್ತನ್ನು ಅವನೇ ಬೇಡವೆಂದು ಗಲ್ಲಾಕ್ಕೆ ಎಸೆದ. ಒಂದನ್ನು, ಇಸವಿಯಿಂದ ಅಂಚಿನವರೆಗೆ ಕೂದಲಿನಂಥ ಗೆರೆಯಿದ್ದ ಎರಡು ರೂಪಾಯಿಯನ್ನು, ನನ್ನ ಕಡೆಗೆ ಸರಿಸಿದ. ಉಗುರಿನಿಂದ ಸವರಿದೆ, ತಡೆಯಿತು.